ಗಾಡಿ ಸ್ಟಾರ್ಟ್ ಆಗದಿದ್ದಾಗ: ಮೊದಲು ಲಕ್ಷಣ, ಆಮೇಲೆ ಚಿಕಿತ್ಸೆ



ಕರು ಹಾಕಿದ ಹಸು ಹಾಲುಜ್ವರದಿಂದ ಮಲಗಿದೆ ಎಂದು ಒಮ್ಮೆ ಬೆಳಗಿನ ಜಾವ ಕರೆ ಬಂತು. ಈ ಕಾಯಿಲೆಯಲ್ಲಿ ತಡವಾದಷ್ಟೂ ಹಸುವಿನ ಪ್ರಾಣಕ್ಕೆ ಅಪಾಯ. ಔಷಧಿ ಪೆಟ್ಟಿಗೆ ಇಟ್ಟುಕೊಂಡು ಜೀಪಿನ ಕೀಲಿ ತಿರುಗಿಸಿದರೆ ಒಂದು ಸಲ 'ಟಿಕ್' ಎಂದಿತು, ದೀಪವೂ ಆರಿತು. ಬ್ಯಾಟರಿ ಹೋಯಿತೆಂದು ತಿಳಿದು ಬೇರೆ ಬ್ಯಾಟರಿಗಾಗಿ ಮುಕ್ಕಾಲು ಗಂಟೆ ಅಲೆದೆ. ಕೊನೆಗೆ ನೋಡಿದರೆ ಟರ್ಮಿನಲ್ಲಿನ ಕ್ಲಾಂಪ್ ಸಡಿಲವಾಗಿತ್ತು, ಅಷ್ಟೇ! ಹಸು ಉಳಿಯಿತು. ಆದರೆ ಲಕ್ಷಣ ನೋಡದೆ ಇಂಜೆಕ್ಷನ್ ಕೊಡಿಸಬೇಡಿ ಎಂದು ನಿಮಗೆ ಹೇಳುವ ನಾನೇ ಆ ದಿನ ತಪ್ಪಿದ್ದೆ.

ಹಾಲಿನ ಗಾಡಿ ನಿಂತರೂ ಇದೇ ಕಷ್ಟ. ಕ್ಯಾನಿನಲ್ಲಿರುವ ಹಾಲು ಕಾಯುವುದಿಲ್ಲ. ಆದ್ದರಿಂದ ಗಾಡಿಯ ರೋಗಪತ್ತೆಯನ್ನೂ ಕಲಿತಿರುವುದು ಒಳ್ಳೆಯದು.

ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ದೀಪ ನೋಡಿ, ಸದ್ದು ಕೇಳಿ.

1. ಬೇಗ ಬೇಗ 'ಟಕಟಕ' ಸದ್ದು, ದೀಪ ಮಂಕು: ಬ್ಯಾಟರಿ ಡೌನ್ ಆಗಿರಬಹುದು, ಇಲ್ಲವೇ ಟರ್ಮಿನಲ್ ಕೊಳೆಯಾಗಿರಬಹುದು.

2. ಕೀಲಿ ತಿರುಗಿಸಿದೊಡನೆ ದೀಪ ಪೂರ್ತಿ ಆರಿದರೆ: ಮೊದಲ ಸಂಶಯ ಸಡಿಲ ಟರ್ಮಿನಲ್ ಅಥವಾ ಅರ್ಥ್ ವೈರಿನ ಮೇಲೆ.

3. ಒಂದೇ 'ಟಿಕ್', ದೀಪ ಅಷ್ಟಾಗಿ ಕುಗ್ಗದಿದ್ದರೆ: ಸೆಲ್ಫ್ ಮೋಟಾರ್ ಅಥವಾ ಅದರ ಸಾಲಿನಾಯ್ಡ್ ನೋಡಿಸಬೇಕು.

4. ಸದ್ದೇ ಇಲ್ಲ, ದೀಪ ಚೆನ್ನಾಗಿದೆ: ಫ್ಯೂಸ್, ರಿಲೇ ಅಥವಾ ಕೀಲಿ ಸ್ವಿಚ್ಚಿನ ದೋಷ. ಕೆಲವು ಗಾಡಿಗಳಲ್ಲಿ ಕ್ಲಚ್ ಒತ್ತದಿದ್ದರೂ ಹೀಗಾಗುತ್ತದೆ.

5. ಇಂಜಿನ್ ಜೋರಾಗಿ ತಿರುಗಿಯೂ ಹತ್ತದಿದ್ದರೆ: ಸಾಮಾನ್ಯವಾಗಿ ಬ್ಯಾಟರಿಯ ತಪ್ಪಲ್ಲ. ಇಂಧನ, ಪಂಪಿನ ಫ್ಯೂಸ್, ಪೆಟ್ರೋಲ್ ಗಾಡಿಯಾದರೆ ಕಿಡಿ ಪರೀಕ್ಷಿಸಿರಿ.

ಮೀಟರ್ ಇದ್ದರೆ ಇನ್ನೂ ಸುಲಭ. 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಬರಿದಾಗಿದೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರುತ್ತದೆ. ಆಗಲೂ 12ರಲ್ಲೇ ನಿಂತರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಇಲ್ಲದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಅದೂ ಡೌನ್ ಆಗುತ್ತದೆ.

ಪ್ರಥಮ ಚಿಕಿತ್ಸೆ: ಕ್ಲಾಂಪ್ ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡಿಗೆ ಸೋಡಾ ಬೆರೆಸಿದ ನೀರಿನಿಂದ ಉಜ್ಜಿ, ಒಣಗಿಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಮುಚ್ಚಳವಿರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿ ನೀರು ಬೇಡ.

ಎಚ್ಚರಿಕೆ: ಬ್ಯಾಟರಿಯಿಂದ ಹೊರಡುವ ಅನಿಲ ಹೊತ್ತಿಕೊಳ್ಳುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಸಲ್ಲದು. ಆಸಿಡ್ ಮೈಗೆ ತಾಗಿದರೆ ಧಾರಾಳವಾಗಿ ನೀರಿನಿಂದ ತೊಳೆಯಿರಿ. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿದರೆ ಗಾಡಿಯೇ ಸುಟ್ಟೀತು. ಅಷ್ಟೇ ಆಂಪಿಯರಿನ ಫ್ಯೂಸ್ ಹಾಕಿ. ಒಂದೇ ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಸ್ವಲ್ಪ ಬಿಟ್ಟು ಮತ್ತೆ ಪ್ರಯತ್ನಿಸಿ.

ಗಾಡಿಯಲ್ಲಿ ಒಂದು ಸ್ಪ್ಯಾನರ್, ನಾಲ್ಕು ಫ್ಯೂಸ್, ಒಂದು ಟಾರ್ಚ್ ಸದಾ ಇರಲಿ. ತಿಂಗಳಿಗೊಮ್ಮೆ ಟರ್ಮಿನಲ್ ಮುಟ್ಟಿ ನೋಡಿ. ಆ ಐದು ನಿಮಿಷ ಒಂದು ಹೊತ್ತಿನ ಹಾಲನ್ನೋ, ಒಂದು ಹಸುವಿನ ಜೀವವನ್ನೋ ಉಳಿಸೀತು.