ಕೈ ಶುದ್ಧವಿದ್ದ ಮಾತ್ರಕ್ಕೆ

ಮಗಳೇ, ಪಂಚಾಯಿತಿ ಅಧ್ಯಕ್ಷೆಯಾದ ಮೇಲೆ ನೀನು ಆಡುತ್ತಿರುವ ಒಂದು ಮಾತು ನನ್ನ ಕಿವಿಗೂ ಬಿತ್ತು: “ನಾನು ಒಂದು ಪೈಸೆ ತಿನ್ನೋಳಲ್ಲ, ನನ್ನನ್ನ ಯಾರು ಏನು ಕೇಳೋದು?” ಮೊದಲರ್ಧಕ್ಕೆ ಹೆಮ್ಮೆಪಟ್ಟೆ. ಉಳಿದರ್ಧಕ್ಕೆ ನಿನಗೆ ಜೂಲಿಯಸ್ ನೈರೇರೆಯವರ ಕಥೆ ಹೇಳಬೇಕು.

ಪೂರ್ವ ಆಫ್ರಿಕಾದ ತಾಂಗನ್ಯಿಕಾ 1961ರ ಡಿಸೆಂಬರಿನಲ್ಲಿ ಬ್ರಿಟಿಷರಿಂದ ಬಿಡುಗಡೆಯಾಯಿತು. ಮರುವರ್ಷ ನೈರೇರೆ ಅದರ ಮೊದಲ ಅಧ್ಯಕ್ಷರಾದರು. 1964ರಲ್ಲಿ ಜಾಂಜಿಬಾರ್ ಸೇರಿಕೊಂಡ ಮೇಲೆ ಆ ದೇಶ ತಾಂಜಾನಿಯಾ ಆಯಿತು. ನೈರೇರೆ ಮೂಲತಃ ಶಾಲಾ ಮೇಷ್ಟ್ರು. ಪಾಠವೋ ರಾಜಕೀಯವೋ, ಒಂದನ್ನು ಆರಿಸಿಕೊಳ್ಳಿ ಎಂದಾಗ ಕೆಲಸ ಬಿಟ್ಟು ಬಂದವರು. ಜನ ಕೊನೆಯವರೆಗೂ ಅವರನ್ನು ಮೇಷ್ಟ್ರು ಎಂದೇ ಕರೆದರು. ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕವನ್ನು ಸ್ವಾಹಿಲಿಗೆ ತಂದದ್ದೂ ಈ ಅಧ್ಯಕ್ಷರೇ. ಇಂಥ ಹುಚ್ಚು ಇರುವ ರಾಜಕಾರಣಿ ನನಗೆ ಯಾವತ್ತೂ ಇಷ್ಟ.

ದುಡ್ಡಿನ ವಿಚಾರದಲ್ಲಿ ಅವರತ್ತ ಬೆರಳು ತೋರಿಸುವ ಹಾಗಿರಲಿಲ್ಲ. 1967ರ ಅರೂಷಾ ಘೋಷಣೆಯಲ್ಲಿ ತಮ್ಮ ಪಕ್ಷದ ಮುಖಂಡರಿಗೇ ಕಟ್ಟು ಹಾಕಿದರು: ಬಾಡಿಗೆಗೆ ಮನೆ ಕೊಡಕೂಡದು, ಕಂಪನಿಯ ಷೇರು ಇಟ್ಟುಕೊಳ್ಳಕೂಡದು, ಎರಡೆರಡು ಸಂಬಳ ಪಡೆಯಕೂಡದು. ನಮ್ಮಲ್ಲಿ ಇದನ್ನು ತಂದರೆ ಎಷ್ಟು ಜನ ಉಳಿದಾರು, ನೀನೇ ಎಣಿಸು.

ಅದಕ್ಕೂ ಮುಂಚೆ, 1966ರ ಅಕ್ಟೋಬರಿನಲ್ಲಿ ಒಂದು ಪ್ರಸಂಗ ನಡೆಯಿತು. ಓದು ಮುಗಿದ ಮೇಲೆ ಕಡ್ಡಾಯ ರಾಷ್ಟ್ರಸೇವೆ, ಅದರ ಜೊತೆಗೆ ಆಗ ಸಿಗುವ ಸಂಬಳದಲ್ಲಿ ಕಡಿತ ಬೇಡವೆಂದು ವಿಶ್ವವಿದ್ಯಾಲಯದ ಹುಡುಗರು ಮೆರವಣಿಗೆಯಲ್ಲಿ ಬಂದರು. ನೈರೇರೆ ಕೆರಳಿದರು. ನಿಮ್ಮ ಸಂಬಳವೂ ಹೆಚ್ಚು, ನನ್ನದೂ ಹೆಚ್ಚು ಎಂದು ನಿಂತ ನಿಲುವಿನಲ್ಲೇ ತಮ್ಮ ಸಂಬಳವನ್ನು ಶೇಕಡಾ 20ರಷ್ಟು ಇಳಿಸಿಕೊಂಡರು. ಆಮೇಲೆ ಸುಮಾರು ನಾನ್ನೂರು ವಿದ್ಯಾರ್ಥಿಗಳನ್ನು ಮನೆಗೆ ಅಟ್ಟಿದರು. ಎಲ್ಲರೂ ಮೊದಲನೆಯದನ್ನು ಹೇಳಿ ಚಪ್ಪಾಳೆ ತಟ್ಟುತ್ತಾರೆ. ನೀನು ಎರಡನ್ನೂ ಒಟ್ಟಿಗೆ ಇಟ್ಟು ನೋಡು. ತ್ಯಾಗ ಮಾಡಿದವನ ಮುಂದೆ ತಕರಾರು ಎತ್ತುವುದು ಎಷ್ಟು ಕಷ್ಟ!

ಜನ ಹಳ್ಳಿಗಳಲ್ಲಿ ಒಟ್ಟಾಗಿ ಬದುಕಿ, ಒಟ್ಟಾಗಿ ದುಡಿಯಬೇಕು ಎಂಬುದು ಅವರ ಕನಸು. ಅದನ್ನು ಉಜಾಮಾ ಎಂದರು. ದಕ್ಷಿಣದ ರುವುಮಾ ಸೀಮೆಯಲ್ಲಿ ಲಿಟೋವಾ ಮೊದಲಾದ ಊರುಗಳ ರೈತರು ಯಾರ ಬಲವಂತವೂ ಇಲ್ಲದೆ ಅದನ್ನು ಮಾಡಿ ತೋರಿಸಿದ್ದರು. ತಮ್ಮದೇ ಸಂಘ, ತಮ್ಮದೇ ಹಿಟ್ಟಿನ ಗಿರಣಿ, ತಮ್ಮದೇ ಶಾಲೆ. ಏನು ಬೆಳೆಯಬೇಕೆಂದು ತಾವೇ ಸಭೆ ಸೇರಿ ತೀರ್ಮಾನಿಸುತ್ತಿದ್ದರು. ನೈರೇರೆಗೆ ಅದು ಬಲು ಮೆಚ್ಚು. ಆದರೆ ತಮ್ಮ ಮಾತು ಕೇಳದ ರೈತರನ್ನು ಪಕ್ಷದವರಿಗೆ ಸಹಿಸಲಾಗಲಿಲ್ಲ. 1969ರಲ್ಲಿ ಪಕ್ಷ ಆ ಸಂಘವನ್ನೇ ಮುಚ್ಚಿಸಿತು. ಅಧ್ಯಕ್ಷರು ತಡೆಯಲಿಲ್ಲ.

ತಾವಾಗಿ ಬಂದವರನ್ನು ಕಳೆದುಕೊಂಡ ಮೇಲೆ ಉಳಿದದ್ದು ಬಲವಂತ. 1973ರಲ್ಲಿ ಹಳ್ಳಿವಾಸ ಕಡ್ಡಾಯವಾಯಿತು. ಮೂರೇ ವರ್ಷದಲ್ಲಿ ಲಕ್ಷಾಂತರ ಜನರನ್ನು ಎಬ್ಬಿಸಿ ಹೊಸ ಊರುಗಳಿಗೆ ಸಾಗಿಸಿದರು. ಹಿಂದಿರುಗದಿರಲೆಂದು ಕೆಲವೆಡೆ ಹಳೆಯ ಮನೆಗಳಿಗೆ ಬೆಂಕಿಯನ್ನೂ ಇಟ್ಟರು. ಊರುಗಳನ್ನು ರಸ್ತೆ ಬದಿಗೆ ಕಟ್ಟಿದ್ದು ಅಧಿಕಾರಿಗಳ ಅನುಕೂಲಕ್ಕೆ. ಹೊಲ ಮೈಲಿಗಟ್ಟಲೆ ದೂರವಾಯಿತು, ಬರವೂ ಸೇರಿಕೊಂಡಿತು, ದೇಶ ಹೊರಗಿನಿಂದ ಧಾನ್ಯ ತರಿಸಬೇಕಾಯಿತು. ಇದರಲ್ಲಿ ಒಂದು ಶಿಲಿಂಗ್ ಕೂಡ ನೈರೇರೆಯವರ ಜೇಬಿಗೆ ಹೋಗಲಿಲ್ಲ. ಹಸಿದವರಿಗೆ ಅದರಿಂದ ಏನಾಗಬೇಕು?

ಇಡೀ ದೇಶಕ್ಕೆ ಅಕ್ಷರ ಕಲಿಸಲು ಹೊರಟದ್ದೂ ಅವರೇ, ನೂರಕ್ಕೂ ಹೆಚ್ಚು ಬುಡಕಟ್ಟುಗಳು ಹೊಡೆದಾಡದ ಹಾಗೆ ನೋಡಿಕೊಂಡದ್ದೂ ಅವರೇ. ಅದನ್ನು ಅಲ್ಲಗಳೆಯುವಂತಿಲ್ಲ. 1985ರಲ್ಲಿ ಯಾರೂ ತಳ್ಳದೆ ತಾವಾಗಿ ಅಧ್ಯಕ್ಷ ಪದವಿಯಿಂದ ಇಳಿದು, ಹುಟ್ಟೂರು ಬುಟಿಯಾಮಾಕ್ಕೆ ಹೋಗಿ ಬೇಸಾಯ ಹಿಡಿದರು. ತಪ್ಪುಗಳಾಗಿವೆ ಎಂದು ಒಪ್ಪಿಕೊಂಡರು.

ಆದರೆ ಆ ತಪ್ಪುಗಳು ನಡೆಯುತ್ತಿದ್ದಾಗ ಬಾಯಿ ತೆರೆಯುವುದು ಸುಲಭವಿರಲಿಲ್ಲ. ವಿಚಾರಣೆಯಿಲ್ಲದೆ ಬಂಧಿಸುವ ಕಾನೂನು 1962ರಿಂದಲೇ ಇತ್ತು. 1965ರಿಂದ ದೇಶಕ್ಕೆ ಒಂದೇ ಪಕ್ಷ. ತಪ್ಪನ್ನು ತಪ್ಪು ಎಂದು ಹೇಳಬೇಕಾದವರು ಎಲ್ಲಿ ನಿಂತು ಹೇಳಬೇಕಿತ್ತು? ಒಂದೇ ಪಕ್ಷ ಸಾಕೇ, ಚರ್ಚೆಯಾಗಲಿ ಎಂದು 1990ರಲ್ಲಿ ಬಹಿರಂಗವಾಗಿ ಹೇಳಿದವರೂ ನೈರೇರೆಯವರೇ. ಕಾನೂನು ಬದಲಾಗುವ ಹೊತ್ತಿಗೆ 1992 ಬಂದಿತ್ತು.