ಬರೆದದ್ದೆಲ್ಲ ನುಡಿಯಬೇಕಿಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ನೀನು ಫ್ರೆಂಚ್ ಕ್ರಿಯಾಪದಗಳನ್ನು ಓದಿ ಕಳಿಸಿದ್ದನ್ನು ಕೇಳಿದೆ. ರೂಪಗಳೆಲ್ಲ ಬಾಯಿಪಾಠವಾಗಿವೆ, ಬಹಳ ಸಂತೋಷ. ಆದರೆ ಪ್ರತಿ ಪದದ ಕೊನೆಯನ್ನೂ ಗಟ್ಟಿಯಾಗಿ ನುಡಿಯುತ್ತಿದ್ದೀಯ. ಕನ್ನಡ ಓದಿ ಬೆಳೆದವರಿಗೆ ಅದು ಸಹಜ.

‘ಮಾತಾಡು’ ಎಂಬುದನ್ನೇ ತಗೋ. ನಾನು, ನೀನು, ಅವನು, ಅವರು ಎಂಬ ರೂಪಗಳಿಗೆ ಬರಹದಲ್ಲಿ ಮೂರು ಬಗೆ. ಬಾಯಲ್ಲಿ ಒಂದೇ, ‘ಪಾರ್ಲ್’. ‘ಅವರು’ ರೂಪದ ಕೊನೆಯ ಇ, ಎನ್, ಟಿ ಮೂರೂ ಮೌನ. ಸಾಲಿನ ತುದಿಯಲ್ಲಿ ಪದ ಮುರಿಯುವಾಗ ಅಚ್ಚಿನಲ್ಲಿ ಅದು ಎರಡು ತುಂಡಾಗಬಹುದು, ಪ್ಯಾರಿಸ್ಸಿನ ಮಾತಿನಲ್ಲಿ ಒಂದೇ ಉಸಿರು. ಮಾರ್ಸೇ, ತುಲೂಸ್ ಕಡೆಯವರು ಮಾತ್ರ ಕೊನೆಗೆ ಒಂದು ಹಗುರ ಸ್ವರ ಸೇರಿಸುತ್ತಾರೆ. ನನಗೆ ಆ ದಕ್ಷಿಣದ ರಾಗ ಬಹಳ ಇಷ್ಟ. ಹಳೆಯ ಛಂದಸ್ಸಿನಲ್ಲೂ ಸಾಲಿನ ನಡುವೆ ಆ ಸ್ವರ ಲೆಕ್ಕಕ್ಕೆ ಬರುತ್ತದೆ. ‘ನಾವು’, ‘ನೀವು’ ರೂಪಗಳಲ್ಲಿ ಮಾತ್ರ ಕೊನೆ ಕೇಳಿಸುತ್ತದೆ: ಪಾರ್-ಲೋಂ, ಪಾರ್-ಲೇ.

ಅದೇ ಮೂರಕ್ಷರ ನಾಮಪದದಲ್ಲಿದ್ದರೆ ಕಥೆಯೇ ಬೇರೆ. ಪ್ರೆ-ಜ಼ಿ-ದಾಂ ಎಂದರೆ ಅಧ್ಯಕ್ಷ. ಅಕ್ಷರಶಃ ಹಾಗೆಯೇ ಬರೆದ ಪದ ‘ಅವರು ಅಧ್ಯಕ್ಷತೆ ವಹಿಸುತ್ತಾರೆ’ ಎಂಬ ಅರ್ಥದಲ್ಲಿ ಬಂದರೆ ಪ್ರೆ-ಜ಼ಿದ್. ವಾಕ್ಯದಲ್ಲಿ ಕ್ರಿಯಾಪದ ಯಾವುದೆಂದು ತಿಳಿಯದೆ ಬಾಯಿ ತೆರೆಯುವಂತಿಲ್ಲ.

ಹಾಗಾದರೆ ಏಕವಚನ, ಬಹುವಚನ ಗೊತ್ತಾಗುವುದು ಹೇಗೆ ಅಂತ ಕೇಳಿದ್ದೀಯ. ಎಷ್ಟೋ ಸಲ ಪದದ ಕೊನೆಯಲ್ಲಲ್ಲ, ಎರಡು ಪದ ಕೂಡುವ ಜಾಗದಲ್ಲಿ. ‘ಅವನು ಪ್ರೀತಿಸುತ್ತಾನೆ’ ಎಂಬುದು ಇ-ಲೆಮ್. ‘ಅವರು ಪ್ರೀತಿಸುತ್ತಾರೆ’ ಎಂಬುದು ಇಲ್-ಜ಼ೆಮ್. ಸರ್ವನಾಮದ ಕೊನೆಯ ವ್ಯಂಜನ ಮುಂದಿನ ಸ್ವರವನ್ನು ಹಿಡಿದು ಹೊಸ ಉಚ್ಚಾರಾಂಶ ಕಟ್ಟುತ್ತದೆ. ‘ಅವನ ಬಳಿ ಇದೆಯೇ’ ಎಂಬ ಪ್ರಶ್ನೆಯಲ್ಲಿ ‘ಆ’ ಮತ್ತು ‘ಇಲ್’ ಸೇರಿದಾಗ ನಡುವೆ ತಕಾರ ಬಂದು ಆ-ತಿಲ್ ಆಗುತ್ತದೆ. ಶಾಲೆಯಲ್ಲಿ ಕಲಿತ ಆಗಮಸಂಧಿ ನೆನಪಿದೆಯಲ್ಲ? ‘ಮನೆ’ಗೆ ‘ಅಲ್ಲಿ’ ಸೇರುವಾಗ ಯಕಾರ ಬರುವುದೂ ಎರಡು ಸ್ವರ ಒತ್ತಟ್ಟಿಗೆ ಬೀಳದಿರಲೆಂದೇ. ಸಂಧಿ ಗೊತ್ತಿರುವ ನಿನಗೆ ಇದು ಕಷ್ಟವಾಗದು.

ಒಂದನ್ನು ಮಾತ್ರ ದಿನವೂ ಅಭ್ಯಾಸ ಮಾಡು. ಇಲ್-ಜ಼ೋಂ ಎಂದರೆ ‘ಅವರ ಬಳಿ ಇದೆ’. ಇಲ್-ಸೋಂ ಎಂದರೆ ‘ಅವರು ಇದ್ದಾರೆ’. ನಮ್ಮ ನಾಲಗೆಗೆ ‘ಜ಼’ ಹೊಸದು, ‘ಸ’ ಆಗಿ ಜಾರಿದರೆ ಅರ್ಥವೂ ಜೊತೆಗೇ ಜಾರುತ್ತದೆ. ಗಂಟಲ ಮೇಲೆ ಬೆರಳಿಟ್ಟು ಹೇಳಿ ನೋಡು: ಮೊದಲನೆಯದರಲ್ಲಿ ಕಂಪನ ನಡುವೆ ಕಡಿಯುವುದಿಲ್ಲ, ಎರಡನೆಯದರಲ್ಲಿ ‘ಸ’ ಬಂದಾಗ ನಿಲ್ಲುತ್ತದೆ. ಭಾನುವಾರ ಫೋನ್ ಮಾಡಿದಾಗ ಮೊದಲು ಇವೆರಡನ್ನೇ ಕೇಳುತ್ತೇನೆ.

ನಿನ್ನ
ದೊಡ್ಡಮ್ಮ