ನೆವವೂ ಅಡ್ಡಿಯೂ



ಮಾಡತಕ್ಕ ಕೆಲಸವನ್ನು ಮಾಡದೆ ಬಿಡುವದಕ್ಕೆ ನಾವು ಹೇಳಿಕೊಳ್ಳುವ ಕಾರಣಗಳನ್ನು ಈ ತಿಂಗಳ ಪಾಠದಲ್ಲಿ ಪರೀಕ್ಷಿಸಿ ನೋಡೋಣ. ಓದುಬರಹ ಕಲಿಯಬೇಕೆಂದರೆ, ವಯಸ್ಸಾಯಿತು ಅನ್ನುತ್ತೇವೆ. ಸಾಲ ತೀರಿಸಲು ತಿಂಗಳಿಗಿಷ್ಟು ಕೂಡಿಡಬೇಕೆಂದರೆ, ಬಡವರ ಕೈಯಲ್ಲಿ ಹಣ ನಿಲ್ಲುವದುಂಟೋ ಅನ್ನುತ್ತೇವೆ. ಹಿತ್ತಿಲಲ್ಲಿ ನಾಲ್ಕು ಗಿಡ ನೆಡಬೇಕೆಂದರೆ, ನೀರಿಲ್ಲ ಅನ್ನುತ್ತೇವೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನೆರೆಯವರ ಕುರಿತು ಹೇಳಿ ನಗುವ ನಾವು, ನಮ್ಮ ಅಂಗಳದ ಡೊಂಕನ್ನು ಮಾತ್ರ ನಿಜವೆಂದು ನಂಬುತ್ತೇವೆ.

1. ನೆವವು ಪೂರಾ ಸುಳ್ಳಲ್ಲ.

ಅದು ಪೂರಾ ಸುಳ್ಳಾಗಿದ್ದರೆ ನಮ್ಮನ್ನು ಮೋಸಗೊಳಿಸಲಾರದು. ವಯಸ್ಸಾದದ್ದು ನಿಜ, ಬಡತನ ನಿಜ, ನೀರಿಲ್ಲದ್ದೂ ನಿಜ. ಆದರೆ ಈ ಸತ್ಯವು ಇಡೀ ಕೆಲಸದ ವಿಷಯವಾದದ್ದೇ ಹೊರತು ಈ ದಿನದ ಪಾಲಿನ ವಿಷಯವಾದದ್ದಲ್ಲ. ಐವತ್ತು ವರುಷದವನು ಒಂದು ತಿಂಗಳಲ್ಲಿ ಪುಸ್ತಕ ಓದಲಾರನು. ಈ ಸಾಯಂಕಾಲ ಎರಡು ಅಕ್ಷರ ಕಲಿಯಲಾರನೆಂದು ಯಾರು ಹೇಳಿದರು? ನೆವವು ದೂರದ ಬೆಟ್ಟವನ್ನು ತೋರಿಸಿ, ಕಾಲ ಬಳಿಯ ಮೆಟ್ಟಲನ್ನು ಮರೆಮಾಡುತ್ತದೆ.

2. ಅಡ್ಡಿ ಬೇರೆ, ನೆವ ಬೇರೆ.

ರೋಗಿಯು ಗುದ್ದಲಿ ಹಿಡಿಯದಿದ್ದರೆ ಅದು ನೆವವಲ್ಲ. ಹಸಿದ ಮನೆಯವರು ಹಣ ಕೂಡಿಡದಿದ್ದರೆ ಅವರನ್ನು ಸೋಮಾರಿಗಳೆನ್ನುವದು ಕ್ರೂರತನ. ಹಾಗಾದರೆ ಇವೆರಡರ ಭೇದವನ್ನು ಹೇಗೆ ತಿಳಿಯುವದು? ನಿಜವಾದ ಅಡ್ಡಿಯನ್ನು ಕಂಡವನು ಬೇರೆ ದಾರಿಯುಂಟೋ ಎಂದು ವಿಚಾರಿಸುತ್ತಾನೆ, ಸಹಾಯ ಕೇಳುತ್ತಾನೆ. ನೆವ ಹಿಡಿದವನಾದರೋ ದಾರಿ ತೋರಿಸಿದರೆ ಸಿಟ್ಟಾಗುತ್ತಾನೆ. ಯಾಕಂದರೆ ಅವನಿಗೆ ಬೇಕಾದದ್ದು ದಾರಿಯಲ್ಲ, ಕೂತುಕೊಳ್ಳಲು ಅಪ್ಪಣೆ.

3. ನೀರಿಲ್ಲದ ಗುಡ್ಡ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರ ವೃತ್ತಾಂತವನ್ನು ಇಲ್ಲಿ ನೆನಸತಕ್ಕದ್ದು. ಇವರು ಪರರ ತೋಟಗಳಲ್ಲಿ ಅಡಿಕೆ, ತೆಂಗಿನ ಮರ ಹತ್ತಿ ಜೀವಿಸುತ್ತಿದ್ದ ಕೂಲಿಯಾಳು. ಇವರಿಗೆ ದೊರೆತ ಭೂಮಿಯು ಇಳಿಜಾರಾದ ಬೋಳುಗುಡ್ಡ. ಅಲ್ಲಿ ನೀರಿರಲಿಲ್ಲ, ಬಾವಿ ತೋಡಿಸಲು ಹಣವೂ ಇರಲಿಲ್ಲ. ಆ ಸೀಮೆಯಲ್ಲಿಯೂ ಕಾಸರಗೋಡಿನಲ್ಲಿಯೂ ಪೂರ್ವದಿಂದ ಬಂದ ಒಂದು ಉಪಾಯವುಂಟು. ಹೇಗಂದರೆ, ಗುಡ್ಡದ ಕೆಂಪು ಮುರಕಲ್ಲಿನೊಳಗೆ ಅಡ್ಡಲಾಗಿ ಸುರಂಗ ಕೊರೆದರೆ, ಕಲ್ಲಿನ ಸಂದುಗಳಿಂದ ಜಿನುಗುವ ನೀರು ತಾನಾಗಿಯೇ ಹೊರಗೆ ಹರಿದು ಬರುವದು. ಎತ್ತುವ ಯಂತ್ರ ಬೇಡ. ಇದಕ್ಕೆ ಬೇಕಾದದ್ದು ಹಾರೆ, ಗುದ್ದಲಿ, ದೀಪ, ತಾಳ್ಮೆ.

ನಾಯ್ಕರು ಹಗಲು ಕೂಲಿ ಮಾಡಿ, ಆ ಮೇಲೆ ಒಬ್ಬರೇ ಅಗೆದರು. ನೀರು ಬರಲಿಲ್ಲ. ಬೇರೆ ಸ್ಥಳದಲ್ಲಿ ಅಗೆದರು, ಅಲ್ಲಿಯೂ ಬರಲಿಲ್ಲ. ಹೀಗೆ ಒಂದರ ಮೇಲೊಂದು ಸುರಂಗ ವ್ಯರ್ಥವಾದಾಗ ನೋಡಿದವರು ನಕ್ಕರು. ಆಗ ಅವರು ಬಿಟ್ಟುಬಿಟ್ಟಿದ್ದರೆ ಯಾರು ತಾನೇ ತಪ್ಪು ಹೊರಿಸುತ್ತಿದ್ದರು? ಕೊನೆಗೆ ಒಂದು ಸುರಂಗದಲ್ಲಿ ನೀರು ಸಿಕ್ಕಿತು. ಇಳಿಜಾರಿಗೆ ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿ, ಅಡಿಕೆ, ತೆಂಗು, ಬಾಳೆಗಳ ತೋಟ ಮಾಡಿದರು. 2022ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀ ಕೊಟ್ಟು ಗೌರವಿಸಿತು. ಆದರೆ ನಾವು ಕಲಿಯಬೇಕಾದದ್ದು ಆ ಬಿರುದಿನಿಂದಲ್ಲ, ಒಣಗಿದ ಸುರಂಗಗಳಿಂದ. ಅವರು ಸೋತ ಸ್ಥಳದಲ್ಲಿಯೇ ಹಟ ಹಿಡಿದು ಕೊರೆಯಲಿಲ್ಲ. ಸೋತೆನೆಂದು ಹಾರೆಯನ್ನು ಬಿಸಾಡಲೂ ಇಲ್ಲ. ಸ್ಥಳವನ್ನು ಬದಲಾಯಿಸಿದರು, ಉದ್ದೇಶವನ್ನು ಬದಲಾಯಿಸಲಿಲ್ಲ.

4. ಓದಿಲ್ಲದ ಕಿತ್ತಳೆ ವ್ಯಾಪಾರಿ.

ಅದೇ ಜಿಲ್ಲೆಯ ಹರೇಕಳ ಹಾಜಬ್ಬರು ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಪರದೇಶದವರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಕೊಡಲಾರದೆ ನಾಚಿದರು. ‘ನಾನು ಓದಿದವನಲ್ಲ, ಶಾಲೆಯ ಗೊಡವೆ ನನಗೇಕೆ’ ಎಂದು ಅವರು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ, ತಮ್ಮೂರ ಮಕ್ಕಳಿಗೆ ಇಂಥ ನಾಚಿಕೆ ಬರಬಾರದೆಂದು ಸಂಪಾದನೆಯಲ್ಲಿ ಉಳಿಸಿ, ದಾನಿಗಳನ್ನು ಬೇಡಿ, ಕಚೇರಿಗಳಿಗೆ ಅಲೆದರು. 2000ದಲ್ಲಿ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆಯಾಯಿತು. ಇವರಿಗೆ 2020ರಲ್ಲಿ ಪದ್ಮಶ್ರೀ ಘೋಷಿಸಲಾಯಿತು. ಒಬ್ಬನಿಗೆ ನೆವವಾಗುವ ಕೊರತೆಯು ಇನ್ನೊಬ್ಬನಿಗೆ ಕೆಲಸ ಮಾಡಲು ಕಾರಣವಾಗುವದೆಂದು ಇದರಿಂದ ಕಲಿಯುತ್ತೇವೆ.

5. ನಮ್ಮ ಪಾಲಿನ ಅಭ್ಯಾಸ.

ಈ ಇಬ್ಬರನ್ನು ನೆರೆಯವರ ಮುಂದೆ ಹಿಡಿದು ಅವರನ್ನು ಹಂಗಿಸುವದಕ್ಕೆ ಈ ಪಾಠವನ್ನು ಬರೆದಿಲ್ಲ. ನಮ್ಮ ದುಡಿಮೆಯೆಲ್ಲಾ ಫಲಿಸುವದೆಂದೂ ಮಾತು ಕೊಡಲಾರೆವು. ಬರಿದಾದ ಸುರಂಗಗಳು ಬರಿದಾಗಿಯೇ ಉಳಿದವು. ಆದರೆ ಅಗೆಯದ ಗುಡ್ಡದಲ್ಲಿ ನೀರುಂಟೋ ಇಲ್ಲವೋ ಎಂಬದು ಸಹ ತಿಳಿಯದು. ಆದಕಾರಣ ಈ ರಾತ್ರಿ ಮನೆಯವರೆಲ್ಲರೂ ದೀಪದ ಬಳಿಯಲ್ಲಿ ಕೂತು, ಈ ಮೂರು ಪ್ರಶ್ನೆಗಳನ್ನು ತಮ್ಮತಮ್ಮೊಳಗೆ ಕೇಳಿಕೊಳ್ಳಲಿ:

ವರುಷದಿಂದ ವರುಷಕ್ಕೆ ನಾನು ಮುಂದೂಡುತ್ತಿರುವ ಕೆಲಸ ಯಾವದು?

ಅದಕ್ಕೆ ನಾನು ಹೇಳುವ ಕಾರಣದಲ್ಲಿ ಸತ್ಯವೆಷ್ಟು, ನೆವವೆಷ್ಟು?

ಇರುವ ಕೈ, ಇರುವ ಹಾರೆ, ಇರುವ ಹೊತ್ತು ಇವುಗಳಿಂದ ನಾಳೆ ಬೆಳಿಗ್ಗೆ ಅದರಲ್ಲಿ ಎಷ್ಟು ಮಾಡಬಲ್ಲೆನು?

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದವರು ಮೊದಲಿನ ಎರಡಕ್ಕೋಸ್ಕರ ಹೆಚ್ಚು ದುಃಖಪಡದೆ ನೆಮ್ಮದಿಯಾಗಿ ಮಲಗಲಿ. ಬೆಳಿಗ್ಗೆ ಬೇಗ ಏಳತಕ್ಕದ್ದುಂಟಲ್ಲಾ!